ಆಣೆ ಬೈಗುಳವಾದ ಬಗೆ

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: ‘ಸ್ವೇರ್’ ಎಂಬ ಒಂದೇ ಪದಕ್ಕೆ ಪ್ರಮಾಣ ಮಾಡುವುದು ಎಂಬ ಅರ್ಥವೂ ಬೈಯುವುದು ಎಂಬ ಅರ್ಥವೂ ಇರುವುದು ತರ್ಕಹೀನ, ಅದರ ನುಡಿಗಟ್ಟುಗಳ ಪಟ್ಟಿಯನ್ನು ಪ್ರಕಟಿಸಿದರೆ ಮಕ್ಕಳು ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಮಾನ್ಯರೇ, ಪರೀಕ್ಷೆ ಹತ್ತಿರ ಬಂದಾಗ ಪಟ್ಟಿ ನೆರವಿಗೆ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಪಟ್ಟಿಯಿಂದ ಕಲಿತ ನುಡಿಗಟ್ಟಿನ ಗತಿ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ. ನಮಗೆ ಬಂದ ಅನುವಾದವೊಂದರಲ್ಲಿ ಅಜ್ಜಿಯೊಬ್ಬಳು ಕಾಳುಮೆಣಸಿನ ಕಷಾಯದ ಮೇಲೆ ಆಣೆ ಇಟ್ಟಿದ್ದಳು. ಮೂಲದಲ್ಲಿದ್ದದ್ದು ‘ಸ್ವೇರ್ಸ್ ಬೈ’, ಅಂದರೆ ಕಷಾಯದ ಗುಣದಲ್ಲಿ ಆಕೆಗೆ ಪೂರ್ಣ ನಂಬಿಕೆ. ಮನುಷ್ಯ ಆಣೆ ಇಡುವುದು ತಾನು ಎಲ್ಲಕ್ಕಿಂತ ಹೆಚ್ಚಾಗಿ ನಂಬಿದ್ದರ ಮೇಲೆ ಎಂಬುದನ್ನು ಆ ಅನುವಾದಕನಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ಅವನು ಎಡವುತ್ತಿರಲಿಲ್ಲ. ಪ್ರಮಾಣವಚನ ಬೋಧಿಸಿ ಅಧಿಕಾರಕ್ಕೆ ಸೇರಿಸಿಕೊಳ್ಳುವ ‘ಸ್ವೇರ್ ಇನ್’, ಆಣೆ ಹಾಕಿ ಕುಡಿತ ಬಿಡುವ ‘ಸ್ವೇರ್ ಆಫ್’ ಎರಡೂ ಅದೇ ಬೇರಿನವು.

ಇನ್ನು ಬೈಯುವ ‘ಸ್ವೇರ್ ಅಟ್’. ಹಿಂದೆ ಇಂಗ್ಲೆಂಡಿನ ಜನ ದೇವರ ಗಾಯದ ಮೇಲೆ, ದೇವರ ರಕ್ತದ ಮೇಲೆ ಆಣೆ ಇಡುತ್ತಿದ್ದರು. ಅದೇ ಆಣೆ ಸಿಟ್ಟಿನಲ್ಲಿ, ಜಗಳದಲ್ಲಿ ಬಾಯಿಗೆ ಬರತೊಡಗಿದಾಗ ಅದು ದೈವನಿಂದೆಯಾಯಿತು, ಕ್ರಮೇಣ ಕೆಟ್ಟ ಮಾತೆಲ್ಲಕ್ಕೂ ಆ ಕ್ರಿಯಾಪದವೇ ಹೆಸರಾಯಿತು. ಹಳೆಯ ಉದ್ಗಾರ ‘ಜೌಂಡ್ಸ್’ ಎಂಬುದು ‘ಗಾಡ್ಸ್ ವೂಂಡ್ಸ್’ ಎಂಬ ಆಣೆಯೇ ಸವೆದು ಉಳಿದ ರೂಪ. ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಎತ್ತಿದವರಿಗೆ 1606ರ ಕಾನೂನು ಹತ್ತು ಪೌಂಡ್ ದಂಡ ಗೊತ್ತುಮಾಡಿತು. 1745ರ ಕಾನೂನಿನಲ್ಲಂತೂ ಹೀಗೆ ಆಣೆಯಿಟ್ಟು ಬೈದದ್ದಕ್ಕೆ ಕೂಲಿಯವನಿಗೂ ಸಿಪಾಯಿಗೂ ಒಂದು ಶಿಲಿಂಗ್ ದಂಡ, ಕುಲೀನನಿಗೆ ಐದು ಶಿಲಿಂಗ್. ಅದು ರದ್ದಾದದ್ದು 1967ರಲ್ಲಿ. ಇಷ್ಟು ಕಥೆ ಕೇಳಿದ ಮಗುವಿಗೆ ಈ ಪದದ ಎರಡು ಅರ್ಥಗಳು ಮರೆಯುವುದಾದರೂ ಹೇಗೆ?

ತರ್ಕಹೀನ ಎಂದಿರಿ. ಕನ್ನಡದಲ್ಲಿ ‘ಭಾಷೆ’ ಎಂದರೆ ಆಡುವ ನುಡಿಯೂ ಹೌದು, ಕೊಟ್ಟ ವಚನವೂ ಹೌದು. ಅದನ್ನು ನಮ್ಮ ಮಕ್ಕಳು ಯಾವ ಪಟ್ಟಿಯಿಂದಲೂ ಕಲಿತಿಲ್ಲ. ಪದಗಳಿಂದ ಅವುಗಳ ಬದುಕನ್ನು ಕಿತ್ತುಹಾಕಿ, ಒಣ ಅರ್ಥವನ್ನಷ್ಟೇ ಎದುರುಬದುರು ಅಚ್ಚು ಹಾಕುವ ಗೈಡುಗಳು ತರಗತಿಯನ್ನು ಆಕ್ರಮಿಸಿರುವುದೇ ನನ್ನ ನೋವು. ತಮ್ಮಂಥ ಆಸಕ್ತ ಶಿಕ್ಷಕರೂ ಅದೇ ದಾರಿ ಹಿಡಿಯಬಾರದು.

ಆದ್ದರಿಂದ ಪಟ್ಟಿಯನ್ನು ಪ್ರಕಟಿಸುತ್ತಿಲ್ಲ. ‘ಆನ್ಸರ್’ ಎಂಬ ಪದದ ಒಡಲಲ್ಲೂ ಇದೇ ‘ಸ್ವೇರ್’ ಇದೆ. ಆರೋಪಕ್ಕೆ ಎದುರಾಗಿ ಆಣೆಯಿಟ್ಟು ಹೇಳುವ ಮಾತು ಎಂಬುದು ಅದರ ಮೊದಲ ಅರ್ಥ. ನಾಳೆ ತರಗತಿಯಲ್ಲಿ ಇದನ್ನು ಹೇಳಿ, ಮಕ್ಕಳು ಏನೇನು ಕೇಳಿದರೆಂದು ನಮಗೆ ಬರೆಯಿರಿ.