ಚಾರ್ಜ್‌ಶೀಟ್ ಹಾಕಿದ್ದಾರೆ ಅಂದರೆ ತಪ್ಪು ಸಾಬೀತಾದಂತೆಯೇ? ಆರೋಪಿಗೆ ಏನೇನು ಹಕ್ಕುಗಳಿವೆ?

ಖಂಡಿತ ಇಲ್ಲ. ಚಾರ್ಜ್‌ಶೀಟ್ ಅಂದರೆ ತನಿಖೆಯಲ್ಲಿ ಸಿಕ್ಕಿದ್ದನ್ನು ಪೊಲೀಸರು ಕೋರ್ಟಿಗೆ ಕೊಡುವ ವರದಿ, ಅಷ್ಟೇ. ಅದನ್ನು ನೋಡಿ ಕೇಸು ನಡೆಸಬೇಕೋ ಬೇಡವೋ ಅಂತ ಜಡ್ಜ್ ತೀರ್ಮಾನಿಸುತ್ತಾರೆ. ನಡೆಸುವುದಾದರೆ ಆರೋಪಗಳನ್ನು ಓದಿ, ವಿವರಿಸಿ, "ಒಪ್ಪುತ್ತೀರಾ?" ಅಂತ ಕೇಳುತ್ತಾರೆ. ಬೇಗ ಮುಗಿಯಲಿ ಅಂತ ಸುಮ್ನೆ "ಹೌದು" ಅನ್ನಬೇಡಿ. ಅದರ ಮೇಲೆಯೇ ಶಿಕ್ಷೆ ಆಗಬಹುದು. ಮೊದಲು ವಕೀಲರ ಹತ್ತಿರ ಮಾತಾಡಿ.

ಬಂಧಿಸಿದರೆ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳುವಂತೆ ಯಾರೂ ಬಲವಂತ ಮಾಡುವಂತಿಲ್ಲ. ಚಾರ್ಜ್‌ಶೀಟ್ ಪ್ರತಿ ಉಚಿತ.

ಜಾಸ್ತಿ ಜನರಿಗೆ ಗೊತ್ತಿಲ್ಲದ ಹಕ್ಕು ಒಂದಿದೆ. ಆರೋಪಿ ಜೈಲಿನಲ್ಲಿದ್ದು, 60 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಅವರ ಹಕ್ಕು. ಮರಣದಂಡನೆ, ಜೀವಾವಧಿ, 10 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90 ದಿನ. ಕೆಲವು ವಿಶೇಷ ಕಾಯ್ದೆಗಳಲ್ಲಿ ಇನ್ನೂ ಹೆಚ್ಚು. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಬೇಕು, ಒಂದು ದಿನ ತಡವಾದರೂ ಕೈತಪ್ಪಬಹುದು. ದಿನ ಎಣಿಸಿಟ್ಟುಕೊಳ್ಳಿ.

ವಕೀಲರಿಗೆ ದುಡ್ಡಿಲ್ವಾ? ಜೈಲಿನಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.