ಅವ್ವನ ಫೋನಿನ ಡೇಟಾ ಎಲ್ಲಿ ಹೋಗ್ತದ?

ಸಿಂಧನೂರಿನ ಅಣ್ಣಾರ, ಮುಂಜಾನೆ ಅವ್ವನ ಜೋಡಿ ಅರ್ಧ ತಾಸು ವಾಟ್ಸಾಪ್ ವಿಡಿಯೋ ಕಾಲ್ ಮಾಡ್ತೀರಿ, ಮಧ್ಯಾಹ್ನಕ್ಕೇ ಆಕಿ ಫೋನಿನ 1.5 ಜಿಬಿ ಖಾಲಿ, ಕಾಲ್‌ದ್ದೇ ತಪ್ಪೇನು ಅಂತ ಕೇಳೀರಿ. ಅಲ್ಲ ಅನಸ್ತದ.

ನಿಮಿಷಕ್ಕ 5 ಎಂಬಿ ಹಿಡೀರಿ, ಅರ್ಧ ತಾಸಿಗೆ 150 ಎಂಬಿ. ಹತ್ತರಾಗ ಒಂದು ಪಾಲು. ಫೋನ್ ಯಾರೇ ಹಚ್ಚಲಿ, ಡೇಟಾ ಇಬ್ಬರದೂ ಹೋಗ್ತದ ಅನ್ನೋದು ಮಾತ್ರ ಖರೆ.

ನಮ್ಮ ಮನ್ಯಾಗೂ ಇದೇ ಜಗಳ ಆಗಿತ್ತು. ವಾಟ್ಸಾಪ್ ಸೆಟ್ಟಿಂಗ್ಸ್‌ನ್ಯಾಗ ಸ್ಟೋರೇಜ್ ಅಂಡ್ ಡೇಟಾ, ಅದರೊಳಗ ನೆಟ್‌ವರ್ಕ್ ಯೂಸೇಜ್ ತೆಗೆದು ನೋಡಿದ್ರ ಕಾಲ್‌ದ್ದು ಚೂರೇ ಚೂರು, ಮೀಡಿಯಾದ್ದು ರಾಶಿ. ಬಂಧುಬಳಗದ ಗ್ರೂಪಿನ ಜಾತ್ರಿ ವಿಡಿಯೋ ಎಲ್ಲಾ ತಾನೇ ಇಳೀತಿದ್ವು! ಅಲ್ಲೇ ಮೀಡಿಯಾ ಆಟೋ ಡೌನ್‌ಲೋಡ್‌ನ್ಯಾಗ ಮೊಬೈಲ್ ಡೇಟಾಕ್ಕ ಹಾಕಿದ ಟಿಕ್ ಎಲ್ಲಾ ತೆಗೀರಿ. 'ಯೂಸ್ ಲೆಸ್ ಡೇಟಾ ಫಾರ್ ಕಾಲ್ಸ್' ಆನ್ ಮಾಡಿದ್ರ ಕಾಲ್‌ಗೂ ಕಮ್ಮಿ ಹೋಗ್ತದ, ಮುಖ ಸ್ವಲ್ಪ ಮಸುಕಾಗಬಹುದು. ಆಮ್ಯಾಲ ಯೂಟ್ಯೂಬೂ ನೋಡ್ರಿ, ಮೊಮ್ಮಕ್ಕಳು ಫೋನ್ ಹಿಡ್ಕೊಂಡು ಕೂಡ್ತಾರೇನು ಅಂತ ಅವ್ವನ್ನ ಕೇಳ್ರಿ.

ಕಾಲ್‌ಗೆ ಬ್ಯಾರೆ ರೊಕ್ಕ ಕಟ್ ಆಗೂದಿಲ್ಲ. ದಿನದ ಡೇಟಾ ಮುಗಿದ್ರ ಸ್ಪೀಡ್ ಬೀಳ್ತದ, ಅವತ್ತು ಸಾದಾ ಕಾಲ್ ಮಾಡ್ರಿ.