ರಜೆಯಲ್ಲಿ ಮಗ ದುಡಿದ ಹಣ ಯಾರ ಕೈಯಲ್ಲಿರಬೇಕು?

“ಒಂಬತ್ತನೇ ಕ್ಲಾಸಿನ ಮಗ ರಜೆಯಲ್ಲಿ ದುಡಿಯುತ್ತೇನೆ ಎನ್ನುತ್ತಾನೆ, ಹಣ ಅವನ ಕೈಗೇ ಕೊಟ್ಟರೆ ಹಾಳಾಗುವುದಿಲ್ಲವೇ” ಎಂದು ಕೇಳಿದ್ದೀರಿ. ಕೊಡಿ. ಕೊಟ್ಟ ಮೇಲೆ “ಅದರಿಂದ ಐನೂರು ತಾ, ಗ್ಯಾಸಿನವನು ಬಂದಿದ್ದಾನೆ” ಎಂದು ಮಾತ್ರ ಕೈಚಾಚಬೇಡಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಇಲ್ಲಿ ಈ ಪ್ರಾಯದವರ ಸಂಪಾದನೆ ಎಂದರೆ ಹೆಚ್ಚಾಗಿ ಗೇರುಬೀಜ, ಅಡಿಕೆ. ಬೀಜ ಬೀಳುವ ಹೊತ್ತಿಗೆ ಸರಿಯಾಗಿ ಏಪ್ರಿಲ್, ಮೇ ರಜೆ. ಗುಡ್ಡೆಯಲ್ಲಿ ಹೆಕ್ಕಿ, ಹಣ್ಣಿನಿಂದ ಬಿಡಿಸಿ, ಬಿಸಿಲಿಗೆ ಹಾಕಿ ಅಂಗಡಿಗೆ ಕೊಡುವುದು. ಮಳೆ ಬಿದ್ದರೆ ಬೀಜ ಕಪ್ಪಾಗಿ ರೇಟು ಬೀಳುತ್ತದೆ. ಇವತ್ತೇ ಕೊಡುವುದೋ, ರೇಟು ಏರಲಿ ಎಂದು ಕಾಯುವುದೋ, ಅದನ್ನು ಹುಡುಗನೇ ನೋಡಿಕೊಳ್ಳಲಿ. ನಿಮ್ಮದೇ ಅಡಿಕೆ ಸುಲಿಯುವುದಾದರೆ ಹೊರಗಿನವರಿಗೆ ಕಿಲೋಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ. ಮಗನಲ್ಲವೇ ಎಂದು ಕಡಿಮೆ ಮಾಡಿದರೆ ಮರುವರ್ಷ ಪಕ್ಕದ ಮನೆಯ ಅಂಗಳದಲ್ಲಿ ಕೂತು ಸುಲಿಯುತ್ತಾನೆ, ತಪ್ಪು ಅವನದ್ದಲ್ಲ.

ತಿಂಗಳ ಪಾಕೆಟ್ ಮನಿಗಿಂತ ಇದೇ ವಾಸಿ ಎಂದು ನನಗನಿಸುತ್ತದೆ. ಎರಡು ಮೂರು ತಿಂಗಳಲ್ಲಿ ಬಂದದ್ದು ಮುಂದಿನ ಬೀಜದವರೆಗೆ ಬರಬೇಕಲ್ಲ! ಜೂನಿನಲ್ಲೇ ಶೂ, ಡಾಟಾ ಎಂದು ಮುಗಿಸಿದರೆ ಓಣಂ ರಜೆಗೆ ಕಿಸೆ ಖಾಲಿ. ಆಗ ನೀವು ಮರುಗಿ ತುಂಬಿಸಿಕೊಡಬಾರದು, ಅಷ್ಟೇ. ಅಡಿಕೆ ಮಾರಿದ ಹಣವನ್ನು ನೀವು ವರ್ಷವಿಡೀ ಹೇಗೆ ಎಳೆಯುತ್ತೀರಿ ಎಂದು ಅವನೇ ಬಂದು ಕೇಳುತ್ತಾನೆ.

ಕಾನೂನಿನ ಮಾತು: 14ರ ಒಳಗಿನವರನ್ನು ಕೂಲಿಗೆ ಕಳಿಸುವಂತಿಲ್ಲ, ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ನೆರವಾಗಬಹುದು. 14ರಿಂದ 18ರವರಿಗೆ ಅಪಾಯದ ಕೆಲಸ ನಿಷಿದ್ಧ. ಕಾನೂನಿನ ಅಪಾಯದ ಕೆಲಸಗಳ ಪಟ್ಟಿಯಲ್ಲಿ ಏನೇ ಇರಲಿ, ಅಡಿಕೆ ಮರ ಹತ್ತಿಸುವುದು, ತೋಟಕ್ಕೆ ಮದ್ದು ಹೊಡೆಸುವುದು ಬೇಡ.

ಹಣವನ್ನು ಬ್ಯಾಂಕಿಗೆ ಹಾಕಿಸಿ. 10 ವರ್ಷ ದಾಟಿದವರು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಎಷ್ಟು ತೆಗೆಯಬಹುದು, ಎಟಿಎಂ ಕಾರ್ಡು ಕೊಡುವುದೋ ಬೇಡವೋ ಎಂಬುದು ಆಯಾ ಬ್ಯಾಂಕಿನ ತೀರ್ಮಾನ. ಫಾರ್ಮು ಅವನೇ ತುಂಬಿಸಲಿ. 18 ಆದಾಗ ಹೊಸ ಸಹಿ ಕೊಡಬೇಕು.

ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಟ್ಟು ಎಚ್ಚರಿಸಿ. “ನಿನ್ನ ಖಾತೆಗೆ ಹಣ ಬರುತ್ತದೆ, ತೆಗೆದುಕೊಟ್ಟರೆ ಕಮಿಷನ್” ಎನ್ನುವವರು ಈಗ ಹುಡುಗರನ್ನೇ ಹುಡುಕುತ್ತಾರೆ. ಅದು ಆನ್‌ಲೈನಿನಲ್ಲಿ ಯಾರನ್ನೋ ಮೋಸ ಮಾಡಿದ ಹಣವಾಗಿರುತ್ತದೆ, ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಪಾಸ್‌ಬುಕ್ಕು, ಕಾರ್ಡು, ಸಿಮ್ಮು ಗೆಳೆಯನಿಗೂ ಕೊಡಬಾರದು. ಪಿನ್ನು ನಿಮಗೂ ಹೇಳಬೇಕಾಗಿಲ್ಲ.